ನಾನು ನೋಡದ ಹೆಬ್ಬಕ

ನನ್ನ ಗಂಡ ಹೆಬ್ಬಕವನ್ನು ನೋಡಿದ ಹೊತ್ತಿಗೆ ನಾನು ಕಣಕಟ್ಟೆಯ ಅತ್ತೆ ಮನೆಯಲ್ಲಿ ಹೋಳಿಗೆಗೆ ಕಣಕ ನಾದುತ್ತಿದ್ದೆ.

ಹೆಬ್ಬಕ ಹುಲ್ಲುಗಾವಲಿನ ದೊಡ್ಡ ಹಕ್ಕಿ. ಕತ್ತೆತ್ತಿ ನಿಂತರೆ ನಮ್ಮ ಸೊಂಟದ ಮೇಲಕ್ಕೆ ಬರುತ್ತದೆ. ಬೆನ್ನು ಒಣಹುಲ್ಲಿನ ಬಣ್ಣ, ಉದ್ದನೆಯ ಬಿಳಿ ಕುತ್ತಿಗೆ, ತಲೆಯ ಮೇಲೆ ಕಪ್ಪು ಟೋಪಿ. ಹಾರಬಲ್ಲದು, ಆದರೆ ಹೆಚ್ಚಾಗಿ ನಡೆದೇ ಬದುಕುತ್ತದೆ. ಮರ ಬೇಡ, ನೆರಳು ಬೇಡ. ಕಣ್ಣು ಹಾಯುವಷ್ಟು ದೂರ ಬಯಲು ಕಾಣಬೇಕು, ಅಷ್ಟೆ. ನಾನು ಅದನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದೆ. ಈಗಲೂ ಚಿತ್ರದಲ್ಲಿ ಮಾತ್ರವೇ ಕಂಡಿದ್ದೇನೆ.

ಹಕ್ಕಿಯ ಹುಚ್ಚು ನಮ್ಮ ಮನೆಗೆ ಬಂದದ್ದು ನನ್ನಿಂದ. ನಾನು ಹುಟ್ಟಿದ್ದು ಹಳೇಬೀಡಿನಲ್ಲಿ. ಅಲ್ಲಿನ ದೊಡ್ಡ ಕೆರೆಯ ಏರಿಯ ಮೇಲೆ ನಿಂತು ಚಳಿಗಾಲದ ಬಾತುಗಳನ್ನು ನೋಡುತ್ತಾ ಬೆಳೆದವಳು. ಓದು ಮುಗಿಸಿ ಅರಸೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದೆ. ಮೊದಲ ಸಂಬಳದಲ್ಲಿ ಚಿನ್ನದ ಓಲೆ ಕೊಳ್ಳಬೇಕೆಂದು ಅಮ್ಮ ಹೇಳಿದ್ದರೂ ಕೇಳದೆ ದುರ್ಬೀನು ಕೊಂಡೆ. ಮದುವೆಯಾದದ್ದು ದನದ ಡಾಕ್ಟರನ್ನು. ಅವರಿಗೆ ಆಗ ಕಾಗೆ, ಗುಬ್ಬಿ, ಕೋಳಿ ಬಿಟ್ಟರೆ ಬೇರೆ ಹಕ್ಕಿ ಗೊತ್ತಿರಲಿಲ್ಲ. ಕೋಳಿ ಗೊತ್ತಿದ್ದದ್ದೂ ಅದಕ್ಕೆ ಕೊಕ್ಕರೆ ರೋಗ ಬರುತ್ತದೆಂಬ ಕಾರಣಕ್ಕೆ.

ಕಣಕಟ್ಟೆಯ ಹತ್ತಿರದ ಕಾವಲಿಗೆ ಅವರನ್ನು ಮೊದಲು ಕರೆದುಕೊಂಡು ಹೋದವಳೂ ನಾನೇ. ಕಾವಲು ಅಂದರೆ ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟಿದ್ದ ಹುಲ್ಲುಗಾವಲು. ಮೊಣಕಾಲುದ್ದದ ಕರಡದ ಹುಲ್ಲು, ನಡುನಡುವೆ ತಂಗಡಿ, ಬಂದರೆ ಗಿಡ, ಕಾರೆಯ ಪೊದೆಗಳು, ಅಲ್ಲೊಂದು ಇಲ್ಲೊಂದು ಜಾಲಿ. ಅವರು ಹುಟ್ಟಿದ ಊರಿನ ಪಕ್ಕದಲ್ಲೇ ಇದ್ದ ಆ ಬಯಲನ್ನು ಅವರು ಒಮ್ಮೆಯೂ ನಿಂತು ನೋಡಿರಲಿಲ್ಲ. "ಏನೈತೆ ಇಲ್ಲಿ, ಬರೀ ಮುಳ್ಳು" ಅಂದಿದ್ದರು. ನಾನು ಪೊದೆಯ ಬುಡದಲ್ಲಿ ಕೂತಿದ್ದ ಗೌಜುಗವನ್ನು ತೋರಿಸಿದೆ. ಮೇಲಕ್ಕೇರಿ ಹಾಡುತ್ತಾ ಕಲ್ಲಿನ ಹಾಗೆ ಕೆಳಗೆ ಬೀಳುವ ನೆಲಗುಬ್ಬಿಯನ್ನು ತೋರಿಸಿದೆ. ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತಿದ್ದ ಗುಳ್ಳೆನರಿಯನ್ನು ತೋರಿಸಿದೆ. ಹೆಬ್ಬಕದ ಕಥೆಯನ್ನು ಹೇಳಿದವಳೂ ನಾನೇ. ಕುರಿ ಕಾಯುವ ಹಳಬರು "ಮೊದ್ಲು ಇದ್ವು ಕಣವ್ವ, ಈಗೆಲ್ಲೈತೆ" ಅನ್ನುತ್ತಿದ್ದರು. ನನಗೆ ಮಾತ್ರ, ಈ ಬಯಲು ಹೀಗೇ ಇದ್ದರೆ ಅದು ಒಂದಲ್ಲ ಒಂದು ದಿನ ಬಂದೇ ಬರುತ್ತದೆ ಅನ್ನಿಸುತ್ತಿತ್ತು. ಬಂದಾಗ ನಾನು ಅಲ್ಲಿರುತ್ತೇನೆ ಅನ್ನುವುದರಲ್ಲಿ ಯಾವ ಸಂಶಯವೂ ಇರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಮಾಗಿಯ ಭಾನುವಾರ ಅತ್ತೆ ಮನೆಯಲ್ಲಿ ಮಠದ ಸ್ವಾಮಿಗಳ ಪಾದಪೂಜೆ. ನಾವಿಬ್ಬರೂ ಹಿಂದಿನ ದಿನವೇ ಹೋಗಿದ್ದೆವು. ಬೆಳಗ್ಗೆ ಇನ್ನೂ ಮಂಜು ಕವಿದಿದ್ದಾಗಲೇ ಪಕ್ಕದ ಊರಿನಿಂದ ಒಬ್ಬ ರೈತ ಓಡಿ ಬಂದ. ಹಸು ಕರು ಹಾಕಲಾರದೆ ಒದ್ದಾಡುತ್ತಿದೆ, ಡಾಕ್ಟ್ರು ಬರಲೇಬೇಕು ಅಂದ. ನನ್ನ ಗಂಡ ಸ್ಕೂಟರ್ ಹತ್ತಿ ಹೊರಟರು. ಆ ದಾರಿ ಕಾವಲಿನ ನಡುವೆಯೇ ಹೋಗುತ್ತದೆ. ನಾನು ಒಳಗೆ ಬೇಳೆ ಬೇಯಲು ಇಟ್ಟು ಕಣಕಕ್ಕೆ ಕೈ ಹಾಕಿದ್ದೆ. ಮನೆ ತುಂಬ ನೆಂಟರು.

ಅವರು ವಾಪಸು ಬಂದಾಗ ಸ್ವಾಮಿಗಳು ಬಂದು ಕೂತಾಗಿತ್ತು. ನನ್ನ ಗಂಡ ಮುಂಬಾಗಿಲಿಂದ ಬರದೆ ಹಿತ್ತಲ ಬಾಗಿಲಿಂದ ನೇರ ಅಡುಗೆಮನೆಗೆ ಬಂದರು. ಅಂಗಿಯ ತೋಳೆಲ್ಲ ಕೊಳೆ.

"ಕರು ಏನಾಯ್ತ್ರೀ?" ಅಂದೆ.

"ಕರು ಚೆನ್ನಾಗೈತೆ. ಹೆಣ್ಣು. ಈ ಕಡೆ ಬಾ." ದನಿ ತಗ್ಗಿಸಿದರು. "ಹೆಬ್ಬಕ ನೋಡ್ದೆ ಕಣೇ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

"ನವಿಲಿರಬೇಕು."

"ನವಿಲು ನಂಗೆ ಗೊತ್ತಾಗಲ್ವೇನೇ? ಮೂಡಲ ದಿಣ್ಣೆ ಕೆಳಗೆ, ಹುಲ್ಲಲ್ಲಿ ನಡ್ಕೊಂಡು ಹೋಗ್ತಿತ್ತು. ಸ್ಕೂಟರ್ ಆಫ್ ಮಾಡಿ ಕೂತೆ. ದುರ್ಬೀನಲ್ಲಿ ನೋಡಿದೀನಿ, ನಿಧಾನವಾಗಿ."

ಆಗಲೇ ನಾನು ನೋಡಿದ್ದು. ಅವರ ಕೊರಳಲ್ಲಿ ನನ್ನ ದುರ್ಬೀನು ನೇತಾಡುತ್ತಿತ್ತು. ಹೊರಡುವಾಗ ನನ್ನ ಬ್ಯಾಗಿನಿಂದ ತೆಗೆದುಕೊಂಡಿದ್ದರು, ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಅವರ ಮುಖ ಹೊಳೆಯುತ್ತಿತ್ತು. ನಮ್ಮ ಮಗಳು ಹುಟ್ಟಿದಾಗಲೂ ಆ ಮುಖ ಹಾಗೆ ಹೊಳೆದದ್ದು ನಾನು ಕಂಡಿರಲಿಲ್ಲ. ಯಾರೋ ಹೊರಗಿನಿಂದ "ಡಾಕ್ಟ್ರು ಬಂದ್ರಾ? ಪೂಜೆಗೆ ಕರೀರಿ" ಅಂದರು. ಅವರು ಕೈಕಾಲು ತೊಳೆದು, ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು ಹೋಗಿ ಕೂತರು. ನಾನು ಪಕ್ಕದಲ್ಲಿ ಕೂತು ಪಾದದ ಮೇಲೆ ನೀರು ಬಿಟ್ಟೆ. ಸ್ವಾಮಿಗಳು ಆಶೀರ್ವಾದ ಮಾಡುತ್ತಿದ್ದರು. ನನ್ನ ಮನಸ್ಸಿನಲ್ಲಿ ಒಂದೇ ಮಾತು ಓಡುತ್ತಿತ್ತು. ಮನೆಯ ಮಗ ಪೂಜೆ ಬಿಟ್ಟು ಎದ್ದು ಹೋಗಬಹುದು, ಅವನನ್ನು ಹಸು ಕರೆಯುತ್ತದೆ. ಸೊಸೆಯನ್ನು ಕರೆಯುವುದು ಒಲೆ ಮಾತ್ರ.

ಊಟವಾಗಿ ನೆಂಟರೆಲ್ಲ ಹೋದ ಮೇಲೆ ಅತ್ತೆ ನನ್ನ ಹತ್ತಿರ ಬಂದು ಕೂತರು.

"ಏನಮ್ಮಾ, ಗುರುಗಳು ಬಂದೋಗಿರೋ ಮನೇಲಿ ಹಿಂಗೆ ಮುಖ ಊದಿಸ್ಕಂಡು ಕುಂತಿದ್ದೀಯ?"

"ನಾನೂ ಅವರ ಜೊತೆ ಹೋಗ್ಬೇಕಿತ್ತು ಅತ್ತೆ."

"ಹಸ ಕರ ಹಾಕಾದು ನೋಡಾಕಾ?"

"ಹಕ್ಕಿ ನೋಡೋಕೆ."

ನಾನು ಎಲ್ಲವನ್ನೂ ಹೇಳಿದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಅಯ್ ಶಿವನೇ! ವಾರಗಿತ್ತಿ ಸೀರೆ ಮೇಲೆ ಹೊಟ್ಟೆಕಿಚ್ಚು ಪಡೋರ್ನ ಕಂಡಿವ್ನಿ. ಕಟ್ಕಂಡ ಗಂಡನ ಮೇಲೆ, ಅದೂ ಒಂದು ಹಕ್ಕಿಗೋಸ್ಕರ! ನಾಳಿಕ್ಕೆ ಇಬ್ರೂ ಹೋಗಿ ನೋಡ್ಕಂಡ್ ಬನ್ನಿ. ಎಲ್ಲೋಯ್ತದೆ ಅದು?"

ಮರುದಿನ ರಜೆ ಹಾಕಿ ಹೋದೆವು. ಇರಲಿಲ್ಲ. ಅದರ ಮರುವಾರ ಹೋದೆವು. ಇರಲಿಲ್ಲ. ಅವರು ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತು "ಇಲ್ಲೇ, ನೋಡು, ಆ ತಂಗಡಿ ಪೊದೆಯಿಂದ ಈ ಕಡೆ ಬಂತು" ಎಂದು ಶುರುಮಾಡುತ್ತಿದ್ದರು. ಆಮೇಲಾಮೇಲೆ ನಾನು ಅವರನ್ನು ಕರೆಯುವುದನ್ನೇ ಬಿಟ್ಟೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಕಣಕಟ್ಟೆ ಬಸ್ಸು ಹತ್ತಿ, ಕಾವಲಿನ ಹತ್ತಿರ ಇಳಿದು ಒಬ್ಬಳೇ ನಡೆಯುತ್ತಿದ್ದೆ. ಮಗಳು ಅಜ್ಜಿಯ ಹತ್ತಿರ ಇರುತ್ತಿದ್ದಳು. ದುರ್ಬೀನನ್ನು ಅವರ ಕೈಗೆ ಸಿಗುವ ಹಾಗೆ ಇಡುವ ತಪ್ಪನ್ನು ಮತ್ತೆ ಮಾಡಲಿಲ್ಲ. ಶಾಲೆಗೂ ತೆಗೆದುಕೊಂಡು ಹೋಗುತ್ತಿದ್ದೆ.

ಆ ವರ್ಷ ನಾನು ಕಾವಲಿನಲ್ಲಿ ಕಂಡದ್ದು ಕಡಿಮೆಯೇನಲ್ಲ. ಕೃಷ್ಣಮೃಗದ ಹಿಂಡು ಹುಲ್ಲಿನ ಮೇಲೆ ನೆಗೆದು ಓಡಿದ್ದನ್ನು ಕಂಡೆ. ಸಂಜೆಯ ಹೊತ್ತಿಗೆ ಒಂದು ತೋಳ ಕುರಿಹಟ್ಟಿಯ ಕಡೆ ನೋಡುತ್ತಾ ಕೂತಿದ್ದನ್ನು ಕಂಡೆ. ಬೇರೆ ಯಾರಾದರೂ ಇಷ್ಟು ಕಂಡಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ನನಗೆ ಮಾತ್ರ ಇವೆಲ್ಲ ಊಟದ ಎಲೆಯಲ್ಲಿ ಉಪ್ಪು ಉಪ್ಪಿನಕಾಯಿ ಬಡಿಸಿ ಅನ್ನವನ್ನೇ ಬಡಿಸದ ಹಾಗೆ ಕಾಣುತ್ತಿತ್ತು. ಒಡವೆಗೆ ಆಸೆಪಟ್ಟರೆ ಎಂದಾದರೂ ಮಾಡಿಸಿಕೊಳ್ಳಬಹುದು. ಇನ್ನೊಬ್ಬರ ಕಣ್ಣೊಳಗೆ ಹೋಗಿ ಕೂತಿರುವುದನ್ನು ಹೇಗೆ ಪಡೆಯುವುದು?

ಅದು ಸುಳ್ಳಾಗಿರಲಿ ಎಂದೂ ಆಸೆಪಟ್ಟೆ. ಊಟಕ್ಕೆ ಕೂತಾಗ, ಬಟ್ಟೆ ಒಣಗಿಸುವಾಗ, ಏನೋ ನೆನಪಾದವಳ ಹಾಗೆ ಅಡ್ಡಪ್ರಶ್ನೆ ಹಾಕುತ್ತಿದ್ದೆ. "ಕಾಲು ಯಾವ ಬಣ್ಣ ಅಂದ್ರಿ?" "ಎದೆ ಮೇಲೆ ಪಟ್ಟಿ ಇತ್ತು ಅಂದ್ರಲ್ಲ, ಕೆಂಪಗಿತ್ತಾ?" ಅವರು ಸಾರು ಕಲಸುತ್ತಲೇ ಹೇಳುತ್ತಿದ್ದರು. "ಕಾಲು ಹಳದಿ. ಪಟ್ಟಿ ಕಪ್ಪು, ಕೆಂಪಲ್ಲ." ಒಂದು ಸಲವೂ ತಪ್ಪಲಿಲ್ಲ. ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಯನ್ನೂ ಹೇಳಿದರು. ನಡೆಯುವಾಗ ಅದು ಒಂದು ಕಾಲನ್ನು ಎತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿಯುತ್ತಿತ್ತಂತೆ, ಕೆಸರಿನಲ್ಲಿ ಸೀರೆ ಎತ್ತಿ ನಡೆಯುವ ಹೆಂಗಸಿನ ಹಾಗೆ. ಇದನ್ನು ಕೇಳಿದ ದಿನ ನನಗೆ ಗೊತ್ತಾಯಿತು, ಈ ಮನುಷ್ಯ ನೋಡಿದ್ದಾರೆ. ಇಂಥದ್ದನ್ನು ಕಟ್ಟಿ ಹೇಳುವ ಶಕ್ತಿ ಅವರಿಗಿಲ್ಲ.

ಸುದ್ದಿ ಹರಡಿತು. ದನದ ಆಸ್ಪತ್ರೆಗೆ ಬಂದವರೆಲ್ಲ ಅವರ ಬಾಯಿಂದ ಕೇಳಿ ಹೋಗುತ್ತಿದ್ದರು. "ಹೆಬ್ಬಕದ ಡಾಕ್ಟ್ರು" ಎಂಬ ಹೆಸರೇ ಬಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಕನ್ನಡದ ಮೇಷ್ಟ್ರು, "ಏನ್ ಮೇಡಂ, ನಿಮ್ಮ ಯಜಮಾನ್ರು ಅದೇನೋ ಅಪರೂಪದ ಹಕ್ಕಿ ನೋಡಿದ್ರಂತೆ, ನಿಮಗೂ ಸ್ವಲ್ಪ ಹಕ್ಕಿ ಆಸಕ್ತಿ ಇದೆಯಂತಲ್ಲ?" ಎಂದರು. ಸ್ವಲ್ಪ! ಅಷ್ಟಕ್ಕೇ ಮುಗಿಯಲಿಲ್ಲ. ಹೆಡ್ಮಾಸ್ಟರು ವಿಜ್ಞಾನ ಸಂಘದ ಕಾರ್ಯಕ್ರಮಕ್ಕೆ ನನ್ನ ಗಂಡನನ್ನೇ ಅತಿಥಿಯಾಗಿ ಕರೆದರು. ಪರಿಚಯ ಮಾಡಿಕೊಡುವ ಕೆಲಸ ನನಗೆ.

ಅವರು ಚೆನ್ನಾಗಿ ಮಾತಾಡಿದರು. ಬಯಲು ಬರಡಲ್ಲ, ಮುಳ್ಳಿನ ಪೊದೆ ಎಂದರೆ ಹಕ್ಕಿಗೆ ತೊಟ್ಟಿಲು, ಹುಲ್ಲು ಎಂದರೆ ಮಳೆ ನೀರನ್ನು ಹಿಡಿಯುವ ಬಟ್ಟೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಆ ಮಾತುಗಳೆಲ್ಲ ನನ್ನವು. ಒಂದೊಂದನ್ನೂ ನಾನು ಅವರಿಗೆ ಕಾವಲಿನಲ್ಲಿ ಬಿಸಿಲಲ್ಲಿ ನಿಂತು ಹೇಳಿದ್ದೆ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮನೆಗೆ ಬರುವಾಗ ಅವರು "ಹೆಂಗಿತ್ತೇ?" ಎಂದು ಕೇಳಿದರು. "ಚೆನ್ನಾಗಿತ್ತು" ಅಂದೆ. ಆ ರಾತ್ರಿಯ ಅಡುಗೆಗೆ ನಾನು ಉಪ್ಪು ಹಾಕಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಅವರು ಏನೂ ಅನ್ನದೆ ಉಂಡಿದ್ದರು.

ಮುಂದಿನ ಬೇಸಿಗೆಯಲ್ಲಿ ಕಾವಲಿಗೆ ಹೋದಾಗ ಪಡುವಲ ಕಡೆಯಲ್ಲಿ ಸಾಲುಸಾಲು ಗುಂಡಿಗಳು ಕಂಡವು. ಬರಡು ಭೂಮಿಯನ್ನು ಹಸಿರು ಮಾಡುವ ಯೋಜನೆಯಂತೆ. ಮಳೆ ಬಿದ್ದ ಕೂಡಲೇ ನೀಲಗಿರಿ ಮತ್ತು ಅಕೇಶಿಯಾ ನೆಡುತ್ತಾರೆ ಎಂದು ಗುಂಡಿ ತೋಡುತ್ತಿದ್ದವರು ಹೇಳಿದರು. ಮೂಡಲ ದಿಣ್ಣೆಗೂ ಸುಣ್ಣದ ಗುರುತು ಬಿದ್ದಿತ್ತು. ಅಲ್ಲಿ ಮರಗಳು ಎದ್ದು ನಿಂತರೆ ಹೆಬ್ಬಕ ಮತ್ತೆ ಆ ನೆಲಕ್ಕೆ ಕಾಲಿಡುವುದಿಲ್ಲ. ಆಗ ಅದನ್ನು ಅಲ್ಲಿ ನೋಡಿದವರು ನನ್ನ ಗಂಡ ಒಬ್ಬರೇ ಆಗಿ ಉಳಿಯುತ್ತಾರೆ, ಎಂದೆಂದಿಗೂ. ನನಗೆ ಮೊದಲು ಬಂದ ಯೋಚನೆ ಇದೇ. ನೆಲಗುಬ್ಬಿ, ಗುಳ್ಳೆನರಿಗಳ ಯೋಚನೆ ಬಂದದ್ದು ಬಸ್ಸಿನಲ್ಲಿ ಕೂತ ಮೇಲೆ.

ಇಬ್ಬರೂ ಸೇರಿ ಅರಸೀಕೆರೆಯಲ್ಲಿದ್ದ ಅರಣ್ಯದ ಸಾಹೇಬರನ್ನು ಕಂಡೆವು. ಆಗಷ್ಟೇ ವರ್ಗವಾಗಿ ಬಂದಿದ್ದ, ಇನ್ನೂ ಚಿಕ್ಕ ವಯಸ್ಸಿನ ಅಧಿಕಾರಿ. ಸಮಾಧಾನವಾಗಿ ಕೇಳಿಸಿಕೊಂಡರು. "ಗಿಡ ನೆಡಿ ಅನ್ನೋ ಟೀಚರನ್ನ ಬೇಕಾದಷ್ಟು ನೋಡಿದೀನಿ. ನೆಡಬೇಡಿ ಅನ್ನೋರನ್ನ ಇವತ್ತೇ ನೋಡಿದ್ದು" ಎಂದು ನಕ್ಕು, "ನಾನೇ ಜಾಗಕ್ಕೆ ಬಂದು ನೋಡ್ತೀನಿ, ಊರಿನವರೂ ಇರಲಿ" ಅಂದರು.

ಅವರು ಬರುವ ದಿನ ಬೆಳಗ್ಗೆ ನಾವು ಸ್ಕೂಟರಿನಲ್ಲಿ ಹೊರಟೆವು. ಊರು ದಾಟಿದ ಮೇಲೆ ನನ್ನ ಗಂಡ ಹಿಂದಕ್ಕೆ ತಿರುಗದೆಯೇ ಹೇಳಿದರು.

"ಒಂದು ಮಾತು. ಅವರು ಕೇಳಿದ್ರೆ ನೀನೂ ನೋಡ್ದೆ ಅಂದ್ಬಿಡು."

"ಏನನ್ನ?"

"ಹೆಬ್ಬಕಾನ. ಒಬ್ಬನೇ ನೋಡ್ದೆ ಅಂದ್ರೆ ನಂಬಲ್ಲ ಕಣೇ. ಇಬ್ರು ಅಂದ್ರೆ ಬೆಲೆ ಬತ್ತದೆ. ನಾನೇನೂ ಅಂದ್ಕೊಳಲ್ಲ."

"ಗಾಡಿ ನಿಲ್ಸಿ."

ನಿಲ್ಲಿಸಿದರು. ನಾನು ಕೆಳಗಿಳಿದೆ. "ನೀವು ಅಂದ್ಕೊಳಲ್ವಾ? ಎಷ್ಟು ದೊಡ್ಡ ಮನಸ್ಸು! ನೀವು ನೋಡಿದ್ದನ್ನ ನಂಗಿಷ್ಟು ಹಂಚಿಕೊಡೋಕೆ ಅದೇನು ಮಠದ ಪ್ರಸಾದವಾ?"

ಅವರು ಪೆಚ್ಚಾಗಿ ಹೆಲ್ಮೆಟ್ಟು ತೆಗೆದರು. "ನಾನು ಕಾವಲಿಗೋಸ್ಕರ ಹೇಳಿದ್ದು. ನಿಂಗೆ ಇಷ್ಟೊಂದು ಸಂಕಟ ಇರೋದು ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ವಾ? ನಿಮ್ಮಮ್ಮಂಗೆ ಅವತ್ತೇ ಗೊತ್ತಾಯ್ತು."

ನಾನು ಮತ್ತೆ ಗಾಡಿ ಹತ್ತಿದೆ.

ಕಾವಲಿನಲ್ಲಿ ಒಂದು ಜಾಲಿಮರದ ಹತ್ತಿರ ಜನ ಸೇರಿದ್ದರು. ಕುರಿ ಸಾಕುವವರು ಗುಂಡಿ ಬೇಡವೆಂದು ನಿಂತಿದ್ದರು. ಕೂಲಿ ಸಿಗುತ್ತದೆಂದು ಕೆಲವರು, ಸೌದೆಯಾಗುತ್ತದೆಂದು ಕೆಲವರು ಗಿಡಗಳೇ ಇರಲಿ ಅನ್ನುತ್ತಿದ್ದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಸಾಹೇಬರು ಎಲ್ಲರ ಮಾತು ಕೇಳಿ ನನ್ನ ಗಂಡನ ಕಡೆ ತಿರುಗಿದರು. ಅವರು ತಾವು ಕಂಡದ್ದನ್ನು ಹೇಳಿದರು. ಹಿಂದಿನಿಂದ ಯಾರೋ "ಡಾಕ್ಟ್ರು ನವಿಲು ನೋಡವ್ರೆ ಬಿಡ್ರಿ" ಅಂದ. ನಗು ಎದ್ದಿತು. ಸಾಹೇಬರು ನನ್ನನ್ನು ಕೇಳಿದರು.

"ಮೇಡಂ, ನೀವೂ ನೋಡಿದ್ರಾ?"

ನನ್ನ ಗಂಡ ನೆಲ ನೋಡುತ್ತಿದ್ದರು. ಹೂಂ ಅನ್ನುವುದು ಎಷ್ಟು ಸುಲಭವಿತ್ತು! ಆ ಹಕ್ಕಿಯ ಒಂದೊಂದು ಗರಿಯೂ ನನಗೆ ಬಾಯಿಪಾಠ. ಹೂಂ ಅಂದಿದ್ದರೆ ಅದೇ ಕ್ಷಣದಿಂದ ನಾನೂ ನೋಡಿದವಳಾಗುತ್ತಿದ್ದೆ. ಆದರೆ ಅವರು ಕೊಟ್ಟ ಹಕ್ಕಿ ನನಗೆ ಬೇಕಿರಲಿಲ್ಲ.

"ಇಲ್ಲ ಸಾರ್. ನಾನು ನೋಡಿಲ್ಲ."

"ಹಾಗಾದ್ರೆ ಇವರು ನೋಡಿದ್ದು ನಿಜ ಅಂತ ಹ್ಯಾಗೆ ಹೇಳ್ತೀರಿ?"

"ಅವತ್ತಿಂದ ನನ್ನ ಹೊಟ್ಟೆ ಉರೀತಿದೆ ಸಾರ್," ಅಂದೆ. ಅಷ್ಟು ಜನರ ಮುಂದೆ ಹಾಗಂದೆನೆಂದು ನನಗೇ ನಂಬಿಕೆ ಬರಲಿಲ್ಲ. ಆದರೆ ಶುರುವಾದ ಮಾತು ನಿಲ್ಲಲಿಲ್ಲ. "ಸುಳ್ಳಾಗಿದ್ರೆ ಯಾಕೆ ಉರೀಬೇಕು? ಈ ಹಕ್ಕಿಗೆ ಕಾಯ್ತಾ ಇದ್ದೋಳು ನಾನು. ಇವರು ದಾರೀಲಿ ಹೋಗ್ತಾ ನೋಡಿಬಿಟ್ರು. ಸುಳ್ಳು ಅಂತ ತೋರಿಸೋಕೆ ನಾನು ಪಟ್ಟ ಪಾಡು ಯಾರೂ ಪಟ್ಟಿರಲ್ಲ. ತಿರುಗಿಸಿ ತಿರುಗಿಸಿ ಕೇಳಿದೀನಿ. ಒಂದು ಸಲ ತಪ್ಪಿದ್ರೂ ಸಾಕಿತ್ತು, ನಾನು ನೆಮ್ಮದಿಯಾಗಿ ಇರ್ತಿದ್ದೆ. ತಪ್ಪಲೇ ಇಲ್ಲ."

ಕುರಿ ಕಾಯುವ ಹೆಂಗಸೊಬ್ಬಳು ಗೊಳ್ಳೆಂದು ನಕ್ಕಳು. "ಟೀಚರಮ್ಮ ಹೇಳೋದು ದಿಟ ಸ್ವಾಮಿ. ನೆರೆಮನೆ ಹಸ ನಿಜವಾಗ್ಲೂ ಹಾಲು ಕೊಟ್ರೇನೇ ಹೊಟ್ಟೆ ಉರಿಯಾದು." ಸಾಹೇಬರೂ ನಕ್ಕರು. ನನ್ನ ಗಂಡ ಮಾತ್ರ ನಗಲಿಲ್ಲ. ನನ್ನನ್ನು ನೋಡಿದರು. ಅವರ ಕಣ್ಣು ತುಂಬಿತ್ತು.

ನಾನು ಅಲ್ಲಿಗೇ ಬಿಡಲಿಲ್ಲ. ಸಾಹೇಬರನ್ನು ದಿಣ್ಣೆಯ ಮೇಲೆ ಕರೆದುಕೊಂಡು ಹೋದೆ. ಬರಿನೆಲದ ಮೇಲೆ ಕಲ್ಲಿನ ನಡುವೆ ಕಲ್ಲಿನ ಹಾಗೇ ಇದ್ದ ಟಿಟ್ಟಿಭ ಹಕ್ಕಿಯ ಮೊಟ್ಟೆಗಳನ್ನು ತೋರಿಸಿದೆ. ಅವರ ಬೂಟು ಇನ್ನೇನು ಅವುಗಳ ಮೇಲೆ ಬೀಳುವುದರಲ್ಲಿತ್ತು. ಕಾರೆಪೊದೆಯ ಕೆಳಗೆ ಗುಳ್ಳೆನರಿಯ ಬಿಲ ತೋರಿಸಿದೆ. "ಇಲ್ಲಿ ಮರ ಬಂದ್ರೆ ನೆರಳು ಬರುತ್ತೆ. ನೆರಳು ಬಂದ್ರೆ ಹುಲ್ಲು ಹೋಗುತ್ತೆ. ಹುಲ್ಲು ಹೋದ್ರೆ ಇವು ಯಾವೂ ಇರಲ್ಲ ಸಾರ್" ಅಂದೆ. ಅವರು ಬಿಲದ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

ಯೋಜನೆ ಪೂರ್ತಿ ನಿಲ್ಲಲಿಲ್ಲ. ಪಡುವಲ ಕಡೆ ಗುಂಡಿ ತೋಡಿದ್ದ ಕಡೆಯೆಲ್ಲ ಗಿಡ ನೆಟ್ಟರು. ಮೂಡಲ ದಿಣ್ಣೆ ಮತ್ತು ಅದರ ಕೆಳಗಿನ ಬಯಲನ್ನು ಹುಲ್ಲಿಗೇ ಬಿಟ್ಟರು. ಬಿಟ್ಟರೆ ಸಾಲದು ಎಂಬುದು ಒಂದೆರಡು ವರ್ಷದಲ್ಲಿ ಗೊತ್ತಾಯಿತು. ಹುಲ್ಲನ್ನು ನುಂಗುವ ಬಳ್ಳಾರಿ ಜಾಲಿ ಎಲ್ಲಿಂದಲೋ ಬಂದು ಹಬ್ಬತೊಡಗಿತ್ತು. ಮಳೆ ಬಿದ್ದು ನೆಲ ಮೆತ್ತಗಾದಾಗ ನಮ್ಮ ಶಾಲೆಯ ಹತ್ತನೇ ತರಗತಿಯ ಮಕ್ಕಳು, ಫಾರೆಸ್ಟ್ ಗಾರ್ಡು, ಊರಿನ ಕೆಲವರು ಸೇರಿ ಸಸಿಗಳನ್ನು ಬೇರುಸಹಿತ ಕೀಳುತ್ತಿದ್ದೆವು. ಹುಲ್ಲಿನ ಬೀಜ ಉದುರುವ ತನಕ ಆ ಕಡೆ ಕುರಿ ಬಿಡುವುದಿಲ್ಲವೆಂದು ಹಟ್ಟಿಯವರು ಒಪ್ಪಿಕೊಂಡರು. ಬೀಜ ಉದುರಿದ ಮೇಲೆ ಮೇಯಲೇಬೇಕು, ಇಲ್ಲದಿದ್ದರೆ ಕರಡ ದಟ್ಟವಾಗಿ ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಒಮ್ಮೆ ಬಿತ್ತು ಕೂಡ. ಆರಿಸಲು ಓಡಿದವರಲ್ಲಿ ಗಿಡ ನೆಡಲೇಬೇಕು ಅಂದಿದ್ದವರೇ ಮುಂದಿದ್ದರು.

ಸಾಹೇಬರಿಗೆ ವರ್ಗವಾಯಿತು. ಹೊರಡುವ ಮುಂಚೆ ನಮ್ಮ ಮನೆಗೆ ಬಂದರು. ಕಾಫಿ ಕುಡಿದು ಮುಗಿಸಿ ಲೋಟ ಕೆಳಗಿಟ್ಟು, "ಡಾಕ್ಟ್ರೇ, ಆ ಹಕ್ಕಿ ನೋಡಿದ್ದು ಹ್ಯಾಗೆ, ಇನ್ನೊಂದು ಸಲ ಹೇಳ್ತೀರಾ?" ಎಂದು ಕೇಳಿದರು. ನನ್ನ ಗಂಡ ನನ್ನ ಕಡೆ ನೋಡಿದರು. "ಹೇಳಿ" ಅಂದೆ. ಅವರು ಹೇಳಿದರು. ಮಂಜು, ಸ್ಕೂಟರ್, ತಂಗಡಿ ಪೊದೆ, ಎತ್ತಿ ಹಿಡಿದ ಕಾಲು. ನಾನು ಸಾಹೇಬರ ಮುಖವನ್ನೇ ನೋಡುತ್ತಿದ್ದೆ. ತುಟಿ ಬಿಗಿಯಾಗಿತ್ತು, ನಗಲು ಪ್ರಯತ್ನಪಡುತ್ತಿದ್ದರು. "ಕಾಡು ಕಾಯೋದೇ ನಮ್ಮ ಕೆಲಸ. ಮೂರು ವರ್ಷ ಓಡಾಡಿದೆ. ನನಗೆ ಕಾಣಿಸ್ಲಿಲ್ಲ ನೋಡಿ" ಅಂದರು. ನಾನು ಎದ್ದು ಹೋಗಿ ಅವರಿಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟೆ. ನಮ್ಮ ಮನೆಗೆ ಬಂದವರಲ್ಲಿ ನನಗೆ ಅಷ್ಟು ಹತ್ತಿರದವರು ಯಾರೂ ಇರಲಿಲ್ಲವೆಂದು ಆಗ ಅನ್ನಿಸಿತು.

ಎರಡು ಸಾವಿರದ ಇಸವಿ ಕಳೆದ ಮೇಲೆ ನನ್ನ ಗಂಡನನ್ನು ಬೇಲೂರು ತಾಲ್ಲೂಕಿಗೆ ಹಾಕಿದರು. ಮಾದಿಹಳ್ಳಿಯ ಕಡೆ ಹಾಲಿನ ಹಸುಗಳು ಹೆಚ್ಚು, ಅವರಿಗೆ ಕೈತುಂಬ ಕೆಲಸ. ನಾವು ಹಳೇಬೀಡಿನಲ್ಲಿ ಮನೆ ಮಾಡಿದೆವು. ನಾನೂ ಅಲ್ಲಿನ ಹತ್ತಿರದ ಶಾಲೆಗೆ ವರ್ಗ ಮಾಡಿಸಿಕೊಂಡೆ. ಆದರೂ ಮಳೆಗಾಲ ಶುರುವಾದರೆ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು, ಅರಸೀಕೆರೆಯಲ್ಲಿ ಬಸ್ಸು ಬದಲಾಯಿಸಿ ಕಾವಲಿಗೆ ಹೋಗುತ್ತೇವೆ. ಪಡುವಲ ಕಡೆಯ ನೀಲಗಿರಿ ಎತ್ತರವಾಗಿ ಬೆಳೆದಿದೆ. ಅದರ ಕೆಳಗೆ ನಡೆದರೆ ಒಣ ಎಲೆಯ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ದಾಟಿ ಈಚೆ ಬಂದರೆ ನೆಲಗುಬ್ಬಿಗಳ ಹಾಡು, ತಂಗಡಿಯ ಹಳದಿ ಹೂ. ಗುಳ್ಳೆನರಿಗಳು ಹೆಚ್ಚಾಗಿವೆ. ಹೆಬ್ಬಕವನ್ನು ಆಮೇಲೆ ಅಲ್ಲಿ ಯಾರೂ ಕಂಡಿಲ್ಲ.

ಹೊಟ್ಟೆಕಿಚ್ಚು ವಯಸ್ಸಾದ ಮೇಲೆ ತಣ್ಣಗಾಗುತ್ತದೆ ಅನ್ನುತ್ತಾರೆ. ನನ್ನದು ಆಗಿಲ್ಲ. ದಿಣ್ಣೆ ಹತ್ತುವಾಗ ನನ್ನ ಗಂಡ ಎರಡು ಹೆಜ್ಜೆ ಮುಂದಿದ್ದರೆ ನಾನು ಏದುಸಿರು ಬಿಡುತ್ತಾ ಬೇಗ ಬೇಗ ನಡೆದು ಅವರನ್ನು ದಾಟುತ್ತೇನೆ. ಅವರು ಮಂಡಿನೋವು ಎಂದು ನಿಲ್ಲುತ್ತಾರೆ. ನಿಜವಾಗಿ ನೋವೋ, ನನ್ನನ್ನು ಮುಂದೆ ಬಿಡಲೆಂದು ನಿಲ್ಲುತ್ತಾರೋ, ನಾನು ಕೇಳಿಲ್ಲ. ದಿಣ್ಣೆಯ ತುದಿಯಲ್ಲಿ ನಿಂತು ಬಯಲನ್ನೆಲ್ಲ ಒಂದು ಸಲ ಪೂರ್ತಿ ನೋಡಿ ಮುಗಿಸಿದ ಮೇಲೆಯೇ ತಿರುಗಿ, "ಬನ್ನಿ" ಅನ್ನುತ್ತೇನೆ.